ಕೊನೆಯ ಸಾಲಿನ ರಾಜೀವ

ರಾಜೀವನನ್ನು ಏನು ಕೇಳಿದರೂ ಉತ್ತರ ಕೂಡಲೇ ಬರುವುದಿಲ್ಲ. "ಊಟ ಆತಾ?" ಎಂಬ ಪ್ರಶ್ನೆಗೆ ನಮ್ಮ ಕಡೆ ಯಾರೂ ಉತ್ತರಕ್ಕೆ ಕಾಯುವುದಿಲ್ಲವಷ್ಟೆ. ಆದರೆ ಅದನ್ನು ಕೇಳಿದರೂ ಅವನು ಒಂದು ಕ್ಷಣ ನೆಲ ನೋಡುತ್ತಾನೆ, ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತದೆ, ಕೇಳಿದವರು ಅಷ್ಟರಲ್ಲಿ ಮುಂದಿನ ಅಂಗಡಿ ದಾಟಿರುತ್ತಾರೆ, ಆಮೇಲೆ ಯಾರೂ ಇಲ್ಲದ ರಸ್ತೆಗೆ ಬಹಳ ಸೌಜನ್ಯದಿಂದ "ಆತು" ಎನ್ನುತ್ತಾನೆ. ಕುಮಟೆಯ ಪೇಟೆಯಲ್ಲಿ ಕೆಲವರು ಅವನಿಗೆ ಕಿವಿ ಮಂದವೆಂದುಕೊಂಡಿದ್ದಾರೆ, ಕೆಲವರು ಬುದ್ಧಿ ಮಂದವೆಂದು. ಅವನು ಮಾತ್ರ ಎರಡು ಗುಂಪಿನವರಿಗೂ ಒಂದೇ ತೆರನಾಗಿ ನಮಸ್ಕಾರ ಮಾಡಿಕೊಂಡು ಓಡಾಡುತ್ತಾನೆ.

ಈ ತಡ ಅವನ ಹುಟ್ಟುಗುಣವಲ್ಲ, ವೃತ್ತಿಯಿಂದ ಅಂಟಿದ್ದು. ಮುಂಬಯಿಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ದೊಡ್ಡ ಸಮೂಹವಾಗಿ ಕೂತು ನುಡಿಸುವ ಒಂದು ವಾದ್ಯವೃಂದದಲ್ಲಿ ರಾಜೀವ ಹಲವು ವರ್ಷ ಚೆಲ್ಲೋ ನುಡಿಸಿದವನು. ಚೆಲ್ಲೋ ಎಂದರೆ ಪಿಟೀಲಿನ ವಂಶದ್ದೇ, ಆದರೆ ಎದೆಯೆತ್ತರ ಬರುವ, ಕುರ್ಚಿಯಲ್ಲಿ ಕೂತು ಮೊಳಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯುವ, ಗಂಡಸೊಬ್ಬ ಬಾಯಿ ಮುಚ್ಚಿಕೊಂಡು ಹಾಡಿದಂಥ ದನಿಯ ವಾದ್ಯ. ಅಂಥ ವೃಂದದಲ್ಲಿ ಕೂತವನಿಗೆ ನುಡಿಸುವ ಕೆಲಸದಷ್ಟೇ ಸುಮ್ಮನಿರುವ ಕೆಲಸವೂ ಇರುತ್ತದಂತೆ. ಉಳಿದವರು ನುಡಿಸುತ್ತಿರುವಾಗ ತನ್ನ ಪಾಲಿನ ಮೌನದ ಆವರ್ತಗಳನ್ನು ಎಣಿಸುತ್ತ ಕೂರಬೇಕು, ಎಣಿಕೆ ಮುಗಿದ ಗಳಿಗೆಗೆ ಸರಿಯಾಗಿ, ತಾನು ಬಂದದ್ದು ಯಾರಿಗೂ ಗೊತ್ತಾಗದ ಹಾಗೆ ಒಳಗೆ ಸೇರಿಕೊಳ್ಳಬೇಕು. ತಪ್ಪಾಗಿ ಬಂದರೆ ಇಡೀ ಸಭೆಗೆ ಕೇಳುತ್ತದೆ, ಸರಿಯಾಗಿ ಬಂದರೆ ಯಾರಿಗೂ ಕೇಳುವುದಿಲ್ಲ. ಆ ಎಣಿಕೆ ಅವನ ಬೆರಳಿಗೆ ಹತ್ತಿಬಿಟ್ಟಿದೆ. ನನ್ನ ಹೆಂಡತಿ ಕಲ್ಪನಾ, "ಚಾ ಬೇಕಾ ಅಂತ ರಾಜೀವನನ್ನ ಕೇಳ್ಬಾರ್ದು, ಅವ್ನು ಹೂಂ ಅನ್ನೂದ್ರೊಳ್ಗೆ ಮಾಡಿದ ಚಾ ಆರಿಹೋಗ್ತದೆ" ಎಂದು ಅವನೆದುರಿಗೇ ನಗುತ್ತಾಳೆ.

ನಾನು ಕುಮಟೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ಮನೆ ಹೊಳನಗದ್ದೆಯಲ್ಲಿ. ಚಂಡೆಯ ಸದ್ದಿನಲ್ಲಿ ಬೆಳೆದ ನನಗೆ ಒಬ್ಬನ ಕೋಲಿನ ಸನ್ನೆಗೆ ನೂರು ಜನ ತಲೆಯಾಡಿಸುವ ಸಂಗೀತದ ಗಂಧಗಾಳಿಯೂ ಇರಲಿಲ್ಲ. ರಾಜೀವ ನಮ್ಮ ಮನೆಯ ಹಿಂಬದಿಯ ಕೋಣೆಗೆ ಬಾಡಿಗೆಗೆ ಬಾರದಿದ್ದರೆ ಇರುತ್ತಲೂ ಇರಲಿಲ್ಲ. ಅವನು ಬಂದ ದಿನ ನಾನು ಗಮನಿಸಿದ್ದು ನಡಿಗೆ. ಬಾಗಿಲು ಎಷ್ಟೇ ಅಗಲವಿರಲಿ, ಅವನು ಒಳಗೆ ಬರುವುದು ಓರೆಯಾಗಿ, ತುಸು ತಲೆ ತಗ್ಗಿಸಿ. ಮುಂಬಯಿಯ ರೈಲುಗಳಲ್ಲಿ ಆ ದೊಡ್ಡ ಪೆಟ್ಟಿಗೆಯನ್ನು ಬೆನ್ನಿಗೆ ಹೊತ್ತು ತಿರುಗಿದ ದೇಹ, ಬೆನ್ನು ಬರಿದಾದ ಮೇಲೂ ಅದಕ್ಕೆ ಜಾಗ ಬಿಡುತ್ತಲೇ ಇತ್ತು. ಬಸ್ಸಿನಲ್ಲಿ ಕೂತರೂ ಪಕ್ಕಕ್ಕೆ ಯಾರೋ ಬರುವವರಿದ್ದಾರೆಂಬಂತೆ ಮೂಲೆಗೆ ಸರಿದು ಕೂರುತ್ತಾನೆ.

ಇನ್ನು ಅವನ ಕಪ್ಪು ಕೋಟು. ವೃಂದದವರು ಕಛೇರಿಯ ದಿನ ತೊಡುವ ಕೋಟು ಅದು. ಯಾರೂ ಬೇರೆಯಾಗಿ ಕಾಣಬಾರದೆಂದೇ ಎಲ್ಲರಿಗೂ ಕಪ್ಪು. ತೋಳಿನ ಅಂಚು ಸವೆದಿದೆ, ಎಡ ಮೊಣಕೈಯ ಒಳಭಾಗ ಹೊಳೆಯುವಷ್ಟು ತಿಕ್ಕಿಹೋಗಿದೆ. ಒಮ್ಮೆ ನಮ್ಮ ಬಂಧುಗಳ ಮದುವೆಗೆ ಅದನ್ನು ತೊಟ್ಟು ಬಂದ. ಊಟದ ಪಂಕ್ತಿಯಲ್ಲಿ ಕತಗಾಲದ ಒಬ್ಬ ಹಿರಿಯರು ಅವನನ್ನು ವಕೀಲರೆಂದು ತಿಳಿದು, ಪಾಯಸ ಬರುವವರೆಗೂ ತಮ್ಮ ತೋಟದ ಗಡಿ ತಂಟೆಯನ್ನು ಸಾದ್ಯಂತ ವಿವರಿಸಿದರು. ರಾಜೀವ ಎಲ್ಲ ಕೇಳಿಸಿಕೊಂಡ. "ಹಾಂಗಾರೆ ನಾವು ಗೆಲ್ತ್ವಾ?" ಎಂದು ಅವರು ಕೇಳಿದಾಗ ಬೆರಳು ಮಡಚಿದ, ಬಿಡಿಸಿದ, ಕಡೆಗೆ, "ನಿಮ್ಮ ಮಾತು ನ್ಯಾಯವಾಗಿ ಅದೆ" ಎಂದ. ಯೋಚಿಸಿ ಮಾತಾಡುವ ಇಂಥ ವಕೀಲರು ಈಗೆಲ್ಲಿದ್ದಾರೆಂದು ಹಿರಿಯರು ನನ್ನ ಬಳಿ ಹೊಗಳಿದರು. ಅವನನ್ನು ಯಾರಾದರೂ ಬಾಯ್ತುಂಬ ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವನ ಊರು ಭಟ್ಕಳದ ಕಡಲತೀರ. ತಂದೆ ಶನಿಯಾರ ಮೊಗೇರ ಪಾತಿಯೆಂಬ ಸಣ್ಣ ದೋಣಿಯಲ್ಲಿ ಬಲೆ ಬಿಟ್ಟು ಮನೆ ನಡೆಸಿದವರು. ತಾಯಿ ತೀರಿಕೊಂಡ ಮೇಲೆ ಮಗನನ್ನು ಸಾಕಿದವರೂ ಅವರೇ. ಕಾಲೇಜು ಓದಲು ಹೊನ್ನಾವರದ ಅತ್ತೆಯ ಮನೆಯಲ್ಲಿದ್ದ ರಾಜೀವನಿಗೆ ನೆರೆಮನೆಯಿಂದ ಆ ದನಿ ಕೇಳಿತು. ನೆರೆಮನೆಯವರು ಇನಾಸ ಮಾಸ್ತರರು. ಸಿನಿಮಾ ಹಾಡುಗಳಿಗೆ ಕೋಣೆ ತುಂಬ ವಾದ್ಯದವರು ಬೇಕಾಗಿದ್ದ ಕಾಲದಲ್ಲಿ ಮುಂಬಯಿಯ ಸ್ಟುಡಿಯೋಗಳಲ್ಲಿ ಚೆಲ್ಲೋ ನುಡಿಸಿದವರು, ಎಲ್ಲ ವಾದ್ಯಗಳ ದನಿ ಹೊರಡಿಸುವ ಯಂತ್ರ ಬಂದು ಆ ಕೋಣೆಗಳು ಖಾಲಿಯಾದಾಗ ಊರಿಗೆ ಮರಳಿದವರು. ಹುಡುಗ ಪಾಗಾರದ ಗೋಡೆಯಾಚೆ ನಿಲ್ಲುತ್ತಿದ್ದ. ಮಾಸ್ತರರು ಕರೆದರು, ಕೂರಿಸಿದರು, ಕಲಿಸಿದರು. "ಹೊಟ್ಟೆಪಾಡಿಗೆ ಬೇರೆ ಏನಾದರೂ ನೋಡಿಕೋ" ಎಂದು ಪ್ರತಿ ಪಾಠದ ಕೊನೆಗೂ ಹೇಳಿದರಂತೆ. ಆದರೆ ಸಾಯುವ ಮೊದಲು ತಮ್ಮ ಚೆಲ್ಲೋವನ್ನು ಅವನಿಗೇ ಕೊಟ್ಟು ಹೋದರು. ಆ ಎರಡರಲ್ಲಿ ಯಾವುದನ್ನು ಗುರುವಿನ ಆಜ್ಞೆಯೆಂದು ತಿಳಿಯಬೇಕಿತ್ತೋ, ಆ ವಯಸ್ಸಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ರಾಜೀವ ಪೆಟ್ಟಿಗೆ ಹೊತ್ತು ಗೋವೆಗೆ ಹೋದ, ಅಲ್ಲಿ ಕೆಲವು ವರ್ಷ ಕಲಿತು ಮುಂಬಯಿಗೆ ಹೋದ.

ಮುಂಬಯಿಯ ವೃಂದದಲ್ಲಿ ಅವನಿಗೆ ಸಿಕ್ಕಿದ್ದು ಕಾಯಂ ಕುರ್ಚಿಯಲ್ಲ. ದೊಡ್ಡ ಕೃತಿಗೆ ಜನ ಸಾಲದಾದಾಗ ಕರೆಸುವ ಹೆಚ್ಚುವರಿ ವಾದಕನ ಜಾಗ. ಚೆಲ್ಲೋಗಳ ಕಟ್ಟಕಡೆಯ ಸಾಲು. ಕರೆ ಬಂದಾಗ ಕಪ್ಪು ಕೋಟು, ಬಾರದಿದ್ದಾಗ ಮನೆಮನೆ ಅಲೆದು ಮಕ್ಕಳಿಗೆ ಪಾಠ. ಒಂದು ಕಾಯಂ ಕುರ್ಚಿ ತೆರವಾಗಬೇಕಾದರೆ ಅದರಲ್ಲಿ ಕೂತವನು ಮುದುಕನಾಗಬೇಕು ಇಲ್ಲವೆ ಸಾಯಬೇಕು. "ಮುಂದಿನ ಸಾಲಿನವರಿಗೆ ಕೆಮ್ಮು ಬಂದ್ರೆ ಎದೆ ಹಾರ್ತಿತ್ತು ಸರ್. ಪಾಪದ ವಿಚಾರ" ಎಂದು ನಾಚಿಕೊಂಡು ಹೇಳಿದ್ದ. ಭಟ್ಕಳದ ತೀರದಲ್ಲಿ ಶನಿಯಾರರು ಮಾತ್ರ, "ನನ್ನ ಮಗ ನೂರು ಜನರ ಮೇಳದಲ್ಲಿ ಕೂತ್ಕಂತ" ಎಂದು ಬಲೆ ಹೊಲಿಯುತ್ತ ಎಲ್ಲರಿಗೂ ಹೇಳುತ್ತಿದ್ದರು. ಎಷ್ಟನೆಯ ಸಾಲಿನಲ್ಲಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಈಗ ಅವನು ಕುಮಟೆಯಲ್ಲಿ ಅಂಗಡಿಯೊಂದರ ಮಾಳಿಗೆಯ ಮೇಲೆ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಾನೆ. ಆ ಯಂತ್ರದಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ಪಿಟೀಲು, ಚೆಲ್ಲೋಗಳ ಇಡೀ ಸಮೂಹವೇ ಒಟ್ಟಿಗೆ ಮೊಳಗಿದಂತೆ ಕೇಳುತ್ತದೆ, ಮಕ್ಕಳಿಗೆ ಅದೇ ಬೇಕು. ರಾಜೀವ ಆ ಗುಂಡಿಯ ಮೇಲೆ ಪಟ್ಟಿ ಅಂಟಿಸಿಬಿಟ್ಟಿದ್ದಾನೆ. ವಾರ್ಷಿಕೋತ್ಸವಕ್ಕೆ ತಾಲೀಮು ನಡೆದಿದ್ದಾಗ ಒಬ್ಬ ತಾಯಿ ಬಂದು, ಬೇರೆ ಕ್ಲಾಸಿನ ಮಕ್ಕಳೆಲ್ಲ ಅದನ್ನು ಒತ್ತಿ ಎಷ್ಟು ಚೆಂದ ನುಡಿಸುತ್ತಾರೆ, ನಮ್ಮ ಮಗುವಿಗೇಕೆ ಇಲ್ಲ ಎಂದು ಜಗಳಕ್ಕೇ ನಿಂತರು. ಇವನು ಎಣಿಸಿ ಮುಗಿಸಿ, "ಅದ್ರೊಳ್ಗೆ ತುಂಬ ಜನ ಇದ್ದಾರೆ ಅಕ್ಕ" ಎಂದ. ಆಕೆ ಮಗುವನ್ನು ಮರುದಿನದಿಂದಲೇ ಬಿಡಿಸಿದರು.

ಅವನು ವೃಂದ ಬಿಟ್ಟದ್ದೇಕೆ ಎಂಬುದು ನಮಗೆ ಗೊತ್ತಾದದ್ದು ವಾಸನೆಯಿಂದ. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಕೋಣೆ ಕೊಡುವಾಗ ಕಲ್ಪನಾ ಆ ಮಾತನ್ನು ಬಿಡಿಸಿ ಹೇಳಿದ್ದಳು, ಅವನು ಒಪ್ಪಿದ್ದ. ಆದರೆ ಮಳೆ ಹಿಡಿದ ದಿನಗಳಲ್ಲಿ, ಕಿಟಕಿ ಮುಚ್ಚಿದ್ದಾಗ, ಆ ಕೋಣೆಯಿಂದ ಹಳೆಯ ಮೀನಿನ ಕಮಟು ಹಬ್ಬತೊಡಗಿತು. ಕಲ್ಪನಾ ಒಂದು ವಾರ ತಡೆದಳು, ಆಮೇಲೆ ಬಾಗಿಲಲ್ಲಿ ನಿಂತು, "ರಾಜೀವ, ಮಾತು ಅಂದ್ರೆ ಮಾತಲ್ವಾ? ಎಂತ ವಾಸನೆ ಇದು?" ಎಂದು ಕೇಳಿಯೇಬಿಟ್ಟಳು. ಅವನ ಹೆಬ್ಬೆರಳು ಗೆಣ್ಣುಗಳ ಮೇಲೆ ಸರಿಯಿತು. ಆಮೇಲೆ ಮಂಚದ ಕೆಳಗಿನಿಂದ ಉದ್ದನೆಯ ಪೆಟ್ಟಿಗೆ ಎಳೆದು ತೆರೆದ. ಒಳಗೆ ಚೆಲ್ಲೋ ಮಲಗಿತ್ತು, ಹಳೆಯ ಕಂದು ಬಣ್ಣ ಕಪ್ಪಿಗೆ ತಿರುಗಿತ್ತು, ಅದರ ಹೊಟ್ಟೆಯ ಮೇಲಿನ ಎರಡು ಸೀಳುಗಂಡಿಗಳ ಸುತ್ತ ಎಣ್ಣೆ ಜಿನುಗಿ ಧೂಳು ಕಚ್ಚಿತ್ತು. ವಾಸನೆ ಅದರೊಳಗಿನದು. ಕಲ್ಪನಾ ಒಳಗೆ ಹೋದಳು. ಅವನಿಗೆ ಚಹಾ ಮಾಡಿ ತಂದಳು, ಕೇಳದೆ.

ನಡೆದದ್ದು ಇಷ್ಟು. ಕಡೆಗೂ ಒಂದು ಕಾಯಂ ಕುರ್ಚಿ ತೆರವಾಗಿತ್ತು, ಮಳೆಗಾಲ ಕಳೆದ ಮೇಲೆ ಪರೀಕ್ಷೆಯೆಂದು ಗೊತ್ತಾಗಿತ್ತು. ಮುಂಬಯಿಯ ಬಾಡಿಗೆಕೋಣೆಯಲ್ಲಿ ಅಕ್ಕಪಕ್ಕದವರ ಗೊಣಗಾಟದ ನಡುವೆ ಅಭ್ಯಾಸ ಸಾಗದೆಂದು ರಾಜೀವ ಚೆಲ್ಲೋ ಸಮೇತ ಊರಿಗೆ ಬಂದ. ಕಡಲ ಬುಡದ ಮನೆಯ ತೇವಕ್ಕೆ ವಾದ್ಯದ ಒಂದು ಬೆಸುಗೆ ಬಿಟ್ಟು, ಸಣ್ಣ ಬಿರುಕು ಕಂಡಿತು. ದೊಡ್ಡ ವಿಷಯವೇನಲ್ಲ, ಸರಿಯಾದ ಅಂಟು ತಂದು ಕೂಡಿಸಿದರೆ ಆಗುತ್ತಿತ್ತು. ಅದನ್ನು ತರಲು ಗೋವೆಗೆ ಹೊರಟ. ದೋಣಿಗಳನ್ನು ಮೇಲೆಳೆದು ಕವುಚಿ, ಮರ ಸೀಳದಂತೆ ತಾರ್ಲೆ ಮೀನಿನ ಎಣ್ಣೆ ಹಚ್ಚುವ ಕಾಲ ಅದು. ಶನಿಯಾರರು ಜಗುಲಿಯಿಂದಲೇ ಕೂಗಿ ಕೇಳಿದರು: "ಇದ್ಕೂ ದೋಣಿ ಹಾಂಗೆ ಎಣ್ಣೆ ಕುಡ್ಸಬಹುದಲ್ದಾ?" ರಾಜೀವ ರಸ್ತೆಯ ಅಂಚಿನಲ್ಲಿ ತಿರುಗಿ ನಿಂತ. ಎಂದಿನಂತೆ ನೆಲ ನೋಡಿದ, ಎಂದಿನಂತೆ ಬೆರಳು ಆಡಿತು. ಬಸ್ಸು ಬಂತು, ಕಂಡಕ್ಟರ್ ಸೀಟಿ ಊದಿದ, ಇವನು ಓಡಿ ಹತ್ತಿದ.

"ಬ್ಯಾಡ ಅಂದೆ ಸರ್" ಎಂದ ರಾಜೀವ ನನ್ನ ಮುಖ ನೋಡದೆ. "ಬಸ್ಸಿನೊಳ್ಗೆ ಅಂದೆ."

ದೋಣಿಯ ಮರ ಕೆಡುವುದು ಮೊದಲು ಒಳಗಿನಿಂದ ಎಂಬುದು ಕಡಲವರ ಅನುಭವ. ಚೆಲ್ಲೋದ ಹೊರಮೈಗೆ ಮೆರುಗು ಇತ್ತು, ಒಳಗೆ ಇಣುಕಿದರೆ ಮರ ಬರಿಯ ಮೈಯಲ್ಲಿತ್ತು. ಎಣ್ಣೆ ಹೊಯ್ಯಲೆಂದೇ ಮಾಡಿದಂತೆ ಎರಡು ಗಂಡಿಗಳೂ ಇದ್ದವು. ಶನಿಯಾರರು ಎಣ್ಣೆ ಬೆಚ್ಚಗೆ ಮಾಡಿ ಹೊಯ್ದರು, ಕೂಸನ್ನು ಮಗ್ಗುಲು ಮಾಡುವಂತೆ ಮೆಲ್ಲಗೆ ಹೊರಳಿಸಿ ಹೊರಳಿಸಿ ಒಳಗೆಲ್ಲ ಹಬ್ಬಿಸಿದರು, ಬಸಿದರು, ಮತ್ತೆ ಹೊಯ್ದರು. ಮಗ ಅಂಟು ಹಿಡಿದು ಮರಳಿದಾಗ ಅದನ್ನು ಚಾಪೆಯ ಮೇಲೆ ಮಲಗಿಸಿ ಕಾಯುತ್ತ ಕೂತಿದ್ದರು.

"ಮರ ಬಾಯಿ ಬಿಟ್ಟಿತ್ತು ಮಗಾ. ಒಳ್ಗೆ ಪೂರಾ ಒಣ್ಗಿತ್ತು. ಹೊಟ್ಟೆ ತುಂಬ ಕುಡ್ಸಿದೆ. ಇನ್ ಎಂತದೂ ಆಗೂದಿಲ್ಲ, ನೀ ಧೈರ್ಯದಿಂದ ಹೋಗು."

ಇಂಥ ವಾದ್ಯ ದನಿ ಕೊಡುವುದು ಅದರ ಮರ ಒಣಗಿ ಹಗುರಾಗಿರುವುದರಿಂದ. ತಲೆಮಾರು ದಾಟಿ ಒಣಗಿದ ಮರ ಎಣ್ಣೆ ಹೀರಿತೆಂದರೆ ಅದು ಬರಿಯ ಹಲಗೆ. ರಾಜೀವನಿಗೆ ನೋಡಿದೊಡನೆ ಎಲ್ಲ ತಿಳಿಯಿತು. ಅಷ್ಟು ಹೊತ್ತು ಅವನು ಯಾವತ್ತೂ ಎಣಿಸಿರಲಿಕ್ಕಿಲ್ಲ. ಎಣಿಸಿ ಮುಗಿದ ಮೇಲೆ, "ಚೆಂದ ಆತು ಅಪ್ಪ" ಎಂದ.

ಮುಂಬಯಿಯಲ್ಲಿ ವಾದ್ಯ ರಿಪೇರಿ ಮಾಡುವವನೊಬ್ಬ ಒಳಗೆ ಬೆರಳಾಡಿಸಿ, ಮೂಸಿ, ಪೆಟ್ಟಿಗೆ ಮುಚ್ಚಿಕೊಟ್ಟ. ಇನ್ನೊಂದನ್ನು ಕೊಳ್ಳುವುದು ರಾಜೀವನ ಎಟುಕಿಗೆ ಮೀರಿದ್ದು. ಗೆಳೆಯನೊಬ್ಬ ತನ್ನದನ್ನು ಪರೀಕ್ಷೆಯ ಮಟ್ಟಿಗೆ ಕೊಟ್ಟ. ಆ ಪರೀಕ್ಷೆಯ ಪದ್ಧತಿ ವಿಚಿತ್ರವಾದದ್ದು: ವಾದಕ ಪರದೆಯ ಹಿಂದೆ ಕೂರಬೇಕು, ಹೆಸರಿಲ್ಲ, ಮುಖವಿಲ್ಲ, ನಡಿಗೆಯ ಸದ್ದಿನಿಂದ ಆಳು ತಿಳಿಯಬಾರದೆಂದು ಬೂಟನ್ನೂ ಕಳಚಿ ಬರಬೇಕು, ತೀರ್ಪುಗಾರರಿಗೆ ತಲುಪುವುದು ದನಿಯೊಂದೇ. ಮೀನು ಹಿಡಿಯುವ ಮೊಗೇರರ ಹುಡುಗನಿಗೆ ಇದಕ್ಕಿಂತ ನ್ಯಾಯವಾದ ಜಾಗ ಲೋಕದಲ್ಲಿ ಇನ್ನೊಂದಿಲ್ಲವೆಂದು ಅವನು ನಂಬಿದ್ದ, ಮತ್ತು ಅದು ನಿಜವೂ ಆಗಿತ್ತು. ಆದರೆ ಬೇರೆಯವರ ಚೆಲ್ಲೋದ ಅಳತೆ ಬೇರೆ. ಇನಾಸ ಮಾಸ್ತರರ ವಾದ್ಯದ ಮೇಲೆ ಕಣ್ಣು ಮುಚ್ಚಿ ಸ್ವರ ಹುಡುಕುತ್ತಿದ್ದ ಬೆರಳು ಇಲ್ಲಿ ಕೂದಲೆಳೆಯಷ್ಟು ಆಚೆ ಬಿತ್ತು, ಸರಿಪಡಿಸಲು ಹೋಗಿ ಈಚೆ ಬಿತ್ತು. ಪರದೆಯ ಆಚೆಯಿಂದ ಯಾರೋ ಮೆತ್ತಗೆ "ಧನ್ಯವಾದ, ಸಾಕು" ಎಂದರು. ಅವನು ಬೂಟು ಹಾಕಿಕೊಂಡು ಹೊರಗೆ ಬಂದ. ಸ್ವಂತ ವಾದ್ಯವಿಲ್ಲದವನಿಗೆ ಹೆಚ್ಚುವರಿ ಸಾಲಿನ ಕರೆಗಳೂ ಕ್ರಮೇಣ ನಿಂತವು.

ಅಪ್ಪನಿಗೆ ಅವನು ಹೇಳಿದ್ದು ಬೇರೆ. "ಪೆಟ್ಟಿಗೆ ಚೆಂದ ಮಾತಾಡ್ತು ಅಪ್ಪ, ನನ್ನ ಕೈಯೇ ಸಾಲ್ಲಿಲ್ಲ."

ಹೋದ ಆಷಾಢದಲ್ಲಿ ನಾನೂ ಅವನೊಡನೆ ಭಟ್ಕಳಕ್ಕೆ ಹೋಗಿದ್ದೆ. ಪೆಟ್ಟಿಗೆಯನ್ನು ಹೊತ್ತು ತಂದಿದ್ದ; ಏಕೆಂದು ಕೇಳಿದರೆ ನಕ್ಕ. ಶನಿಯಾರರು ತೆಂಗಿನ ಮಡಲಿನ ಚಪ್ಪರದಡಿ ಕವುಚಿದ ದೋಣಿಗೆ ಎಣ್ಣೆ ಹಚ್ಚುತ್ತಿದ್ದರು, ಗಟ್ಟಿಮುಟ್ಟಾದ ಮುದುಕ, ನಗುವಾಗ ಕಣ್ಣು ಮುಚ್ಚಿಹೋಗುವವರು. ನನಗೆ ಕುರ್ಚಿ ಹಾಕಿಸಿದರು, ಎಳನೀರಿನ ಬೊಂಡ ಕೆತ್ತಿಕೊಟ್ಟರು, ಆಮೇಲೆ ಮಗನ ಕಡೆ ತಿರುಗಿ, "ತಂದ್ಯಾ?" ಎಂದರು. ರಾಜೀವ ಪೆಟ್ಟಿಗೆ ತೆರೆದ. ತಂತಿಗಳನ್ನು ತಾನೇ ಸಡಿಲಿಸಿದ, ಗೋಣಿಯ ಮೇಲೆ ಅದನ್ನು ಮಲಗಿಸಿ, ಕುತ್ತಿಗೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡ. ಮುದುಕ ಬೆಚ್ಚಗಿನ ಎಣ್ಣೆಯನ್ನು ಗಂಡಿಯೊಳಗೆ ತೆಳ್ಳಗೆ ಹೊಯ್ದರು. ವರ್ಷವೂ ಹೀಗೆ ನಡೆಯುತ್ತದಂತೆ. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

"ವಸ್ತು ಒಳ್ಳೇದು ಸರ್, ಅದ್ಕೆ ನಾ ಜವಾಬ್ದಾರಿ" ಎಂದರು ಶನಿಯಾರರು, ಎಣ್ಣೆಯ ಧಾರೆಯ ಮೇಲೆ ಕಣ್ಣಿಟ್ಟು. "ಇವ್ನ ಕೈಯೇ ಸಾಲ್ದು. ಎಂತ ಮಾಡೂದು, ಎಲ್ರಿಗೂ ಕೈ ಬರ್ತದಾ? ಪಾಪ, ಬ್ಯಾಸ್ರ ಮಾಡ್ಕಂಬಾರ್ದು ಅಂತ ನಾ ಯಾವಾಗ್ಲೂ ಹೇಳ್ತೆ."

ನಾನು ನಿಜ ಹೇಳಲು ಬಾಯಿ ತೆರೆದೆ. ರಾಜೀವ ತಲೆಯೆತ್ತಿ ನನ್ನನ್ನು ನೋಡಿದ, ಅಷ್ಟೇ. ಕುತ್ತಿಗೆ ಹಿಡಿದ ಕೈಯಲ್ಲೇ ಹೆಬ್ಬೆರಳು ಗೆಣ್ಣಿನ ಮೇಲೆ ಸರಿಯುತ್ತಿತ್ತು. ನಾನು ಬೊಂಡದ ನೀರು ಕುಡಿದೆ.

ಮರಳುವಾಗ ರೈಲಿನಲ್ಲಿ ಸಿಟ್ಟು ತಡೆಯಲಾರದೆ ಕೇಳಿದೆ. ನಿಜ ಹೇಳಿಬಿಡಬಾರದೇ, ಕಡೆಯ ಪಕ್ಷ ಊರಿನವರೆದುರು ನಿನ್ನ ಹೆಸರಾದರೂ ಉಳಿಯುತ್ತಿತ್ತಲ್ಲ ಎಂದೆ. ಮುರ್ಡೇಶ್ವರ ದಾಟಿತು, ಮಂಕಿ ದಾಟಿತು. ಶರಾವತಿಯ ಸೇತುವೆಯ ಮೇಲೆ ಗಾಡಿ ದಡದಡಿಸುವಾಗ ಅವನ ಉತ್ತರ ಬಂತು.

"ಸಾಲಿನಲ್ಲಿ ಪಕ್ಕದವ್ರು ತಪ್ಪು ಬಾರ್ಸಿದ್ರೆ ಎದ್ದು ತೋರ್ಸೂಕಿಲ್ಲ ಸರ್. ಅವ್ರ ಜೊತಿಗೇ ಬಾರ್ಸೂದು."

ಇದನ್ನು ತ್ಯಾಗವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ತ್ಯಾಗಕ್ಕೆ ಎಲ್ಲೋ ಒಬ್ಬ ನೋಡುವವನಾದರೂ ಇರುತ್ತಾನೆ. ಇದು ಬರಿಯ ನಷ್ಟ, ಒಂದು ವಿದ್ಯೆಯೂ ಒಂದು ಆಯುಷ್ಯವೂ ಕೂಡಿ ಆದ ನಷ್ಟ. ಕೊನೆಯ ಸಾಲಿನಲ್ಲಿ ಕೂರಲೆಂದೇ ತಯಾರಾಗುವ ಜನ ಕೆಲವರಿರುತ್ತಾರೆ. ಬೇರೆಯಾಗಿ ಕೇಳಿಸಿಕೊಳ್ಳದಿರುವುದೇ ಅವರ ಸಾಧನೆ. ಅದಕ್ಕಾಗಿ ಅವರು ಪಟ್ಟ ಶ್ರಮ ಮುಂದಿನ ಸಾಲಿನವರದಕ್ಕಿಂತ ಕಡಿಮೆಯದಲ್ಲ, ಆದರೆ ಅವರಿಲ್ಲದ ದಿನ ಸಂಗೀತ ಎಲ್ಲಿ ತೆಳುವಾಯಿತೆಂದು ಸಭೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಮನೆಯಲ್ಲೂ ಊರಲ್ಲೂ ಅವರು ಹಾಗೆಯೇ ಬಾಳುತ್ತಾರೆ, ಇನ್ನೊಬ್ಬರ ಅಪಸ್ವರವನ್ನು ತಮ್ಮ ದನಿಯೊಳಗೆ ಅಡಗಿಸಿಕೊಂಡು. ಅವರು ಚೆನ್ನಾಗಿ ನುಡಿಸುತ್ತಿದ್ದರೆಂಬುದಕ್ಕೆ ಕಡೆಗೆ ಒಂದು ಸಾಕ್ಷಿಯೂ ಉಳಿಯುವುದಿಲ್ಲ. ರಾಜೀವನ ಪಾಲಿಗೆ ಉಳಿದಿರುವ ಸಾಕ್ಷಿ ಒಬ್ಬರೇ, ಭಟ್ಕಳದ ತೀರದಲ್ಲಿ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಬಂದವರಿಗೆಲ್ಲ "ಇವ್ನ ಕೈ ಸಾಲ್ದು" ಎನ್ನುವ ಆ ತಂದೆ. ಆ ಮಾತನ್ನು ಅವರಿಗೆ ಹೇಳಿಕೊಟ್ಟವನೂ ರಾಜೀವನೇ.